ಈರುಳ್ಳಿಯ ಜೋಗುಳ

1939ರ ಸೆಪ್ಟೆಂಬರ್‌ನಲ್ಲಿ ಮ್ಯಾಡ್ರಿಡ್‌ನ ತೊರ್ರಿಹೋಸ್ ಸೆರೆಮನೆಯ ಕೈದಿಯೊಬ್ಬನಿಗೆ ಹೆಂಡತಿಯಿಂದ ಕಾಗದ ಬಂತು. ಮನೆಯಲ್ಲಿ ಬ್ರೆಡ್ಡು, ಈರುಳ್ಳಿ ಬಿಟ್ಟರೆ ತಿನ್ನಲು ಇನ್ನೇನೂ ಇಲ್ಲವೆಂದು ಆಕೆ ಬರೆದಿದ್ದಳು. ಎಂಟು ತಿಂಗಳ ಗಂಡುಮಗು ಅವಳ ಎದೆಹಾಲು ಕುಡಿಯುತ್ತಿತ್ತು. ಸ್ಪೇನಿನ ಅಂತರ್ಯುದ್ಧ ಮುಗಿದು ಐದು ತಿಂಗಳಾಗಿತ್ತು. ಸೋತವರ ಮನೆಗಳಲ್ಲಿ ಹಸಿವು ಮುಗಿದಿರಲಿಲ್ಲ. ಸೆಪ್ಟೆಂಬರ್ 12ರಂದು ಕೈದಿ ಉತ್ತರ ಬರೆದ. ಮಗು ಹಾಲಿನ ಬದಲು ಈರುಳ್ಳಿಯ ರಸ ಹೀರುತ್ತಿದೆಯೆಂಬ ಸಂಕಟವನ್ನು ಅದರಲ್ಲಿ ತೋಡಿಕೊಂಡ. ಜೊತೆಗೆ, ಮಗುವಿಗೆಂದು ಕಟ್ಟಿದ ಒಂದು ಪದ್ಯವನ್ನೂ ಕಳಿಸಿದ. ಅದೇ ‘ಈರುಳ್ಳಿಯ ಜೋಗುಳ’. ಸ್ಪ್ಯಾನಿಷ್ ಬಲ್ಲವರ ನಡುವೆ ಇವತ್ತಿಗೂ ಬಾಯಿಂದ ಬಾಯಿಗೆ ಸಾಗುತ್ತಿರುವ ಕವಿತೆಗಳಲ್ಲಿ ಇದೂ ಒಂದು.

ಆ ಕೈದಿ ಮಿಗೆಲ್ ಎರ್ನಾಂದೆಸ್. ಆಗ ಅವನಿಗೆ 28 ವರ್ಷ.

ಕನ್ನಡದ ಕಾವ್ಯಪ್ರೇಮಿಗಳಿಗೆ ಲೋರ್ಕಾ ಗೊತ್ತು, ನೆರೂಡಾ ಗೊತ್ತು. ಅವರಿಬ್ಬರ ಪಕ್ಕದಲ್ಲೇ ನಿಲ್ಲಬೇಕಾದ ಎರ್ನಾಂದೆಸ್ ಹೆಸರು ಅಷ್ಟಾಗಿ ಕಿವಿಗೆ ಬಿದ್ದಿಲ್ಲ. ಬಿದ್ದಾಗಲೂ ‘ಆಡು ಕಾಯುತ್ತಿದ್ದ ಕವಿ, ಜೈಲಿನಲ್ಲಿ ಸತ್ತವನು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಎರಡೂ ನಿಜವೇ. ಆದರೆ ಆ ಆಡುಗಳಿಗೂ ಆ ಸೆರೆಮನೆಗೂ ನಡುವೆ ಒಬ್ಬ ಕಸುಬುದಾರನ ಹದಿನೈದು ವರ್ಷಗಳ ದುಡಿಮೆಯಿದೆ. ಪಂಡಿತರ ಬಿಗಿ ಛಂದಸ್ಸುಗಳನ್ನು ಒಂದೊಂದಾಗಿ ಕಲಿತು, ಅವುಗಳ ಮೇಲೆ ಹಿಡಿತ ಸಾಧಿಸಿ, ಆಮೇಲೆ ಅವನ್ನೆಲ್ಲ ಕೆಳಗಿಟ್ಟು ಹಳ್ಳಿಯ ಹೆಂಗಸರು ಹಾಡಿಕೊಳ್ಳುವ ಮಟ್ಟಿಗೆ ಬಂದು ಸೇರಿದ ದಾರಿ ಅದು. ಅವನ ಸಾವಿನ ಕಥೆ ಎದೆ ಕಲಕುತ್ತದೆ. ಅವನನ್ನು ದೊಡ್ಡ ಕವಿಯಾಗಿಸಿದ್ದು ಈ ದಾರಿ.

ಒರಿವೇಲ ಸ್ಪೇನಿನ ಆಗ್ನೇಯ ಭಾಗದ ಅಲಿಕಾಂತೆ ಪ್ರಾಂತದಲ್ಲಿ, ಸೆಗೂರಾ ನದಿಯ ದಂಡೆಯಲ್ಲಿರುವ ಊರು. ಸುತ್ತ ಕಿತ್ತಳೆ, ನಿಂಬೆ, ಖರ್ಜೂರದ ತೋಟಗಳು. ಊರೊಳಗೆ ಹೆಜ್ಜೆಗೊಂದು ಇಗರ್ಜಿ, ಪಾದ್ರಿಗಳ ಸೆಮಿನರಿ, ಜೆಸ್ಯುಟರ ಶಾಲೆ. ಬೆನ್ನ ಹಿಂದೆ ಬೋಳು ಕಲ್ಲುಬೆಟ್ಟ. ಮಿಗೆಲ್ ಹುಟ್ಟಿದ್ದು ಇಲ್ಲಿ, 1910ರ ಅಕ್ಟೋಬರ್ 30ರಂದು. ಬೆಟ್ಟದ ಬುಡಕ್ಕೆ ಅಂಟಿಕೊಂಡ ಮೇಲಿನ ಬೀದಿಯಲ್ಲಿ ಅವನು ಬೆಳೆದ ಮನೆ ಈಗಲೂ ಇದೆ. ಹಿತ್ತಲಿನಲ್ಲಿ ಬಾವಿ, ಅಂಜೂರದ ಮರ, ಆಡು ಕೂಡುವ ದೊಡ್ಡಿ. ತಂದೆ ಆಡು ಸಾಕಿ ಮಾರುವ ವ್ಯಾಪಾರಸ್ಥ. ತೀರಾ ಬಡವರೇನಲ್ಲ, ಸ್ವಂತ ಮಂದೆಯಿತ್ತು. ಆದರೆ ಓದು ಹೊಟ್ಟೆ ತುಂಬಿಸುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದ ಮನುಷ್ಯ. ಜೆಸ್ಯುಟರ ಶಾಲೆಯಲ್ಲಿ ಹುಡುಗ ಚುರುಕಾಗಿದ್ದ. ಮುಂದೆ ಓದಿಸುತ್ತೇವೆ ಎಂದು ಪಾದ್ರಿಗಳು ಹೇಳಿದರೂ ಅಪ್ಪ ಒಪ್ಪಲಿಲ್ಲ. 1925ರಲ್ಲಿ ಶಾಲೆ ಬಿಡಿಸಿ ಮಂದೆಯ ಹಿಂದೆ ಕಳಿಸಿದ. ರಾತ್ರಿ ಓದುತ್ತಾ ಕೂತದ್ದು ಕಂಡರೆ ಹೊಡೆಯುತ್ತಿದ್ದ.

ಹೀಗೆ ಹದಿನಾಲ್ಕರ ಹುಡುಗ ಹಗಲು ಬೆಟ್ಟದಲ್ಲಿ ಆಡು ಕಾದ, ಹಾಲು ಕರೆದ, ಊರಿನ ಮನೆಮನೆಗೆ ಹಾಲು ಹಾಕಿದ. ಪುಸ್ತಕ ಯಾವಾಗಲೂ ಜೊತೆಗಿತ್ತು. ಆಡಿನ ಹೊಟ್ಟೆಗೆ ಕಿವಿಯಿಟ್ಟರೆ ಕೆಚ್ಚಲಿಗೆ ಹಾಲಿಳಿಯುವ ಸದ್ದು ಕೇಳುತ್ತದೆಂದು ಮಿಗೆಲ್ ತನಗೆ ಹೇಳಿದ್ದನ್ನು ನೆರೂಡಾ ಎಷ್ಟೋ ವರ್ಷಗಳ ಮೇಲೆ ನೆನಪಿಸಿಕೊಂಡಿದ್ದಾನೆ. ಅಂಥ ಸದ್ದಿಗೆ ಕಿವಿಗೊಟ್ಟವನು ಲಯವನ್ನು ಪುಸ್ತಕದಿಂದಷ್ಟೇ ಕಲಿತಿರಲಾರ.

ಆದರೂ ಪುಸ್ತಕಗಳ ಋಣ ದೊಡ್ಡದು. ಊರಿನ ಗ್ರಂಥಾಲಯ ಇತ್ತು. ಲೂಯಿಸ್ ಅಲ್ಮಾರ್ಚಾ ಎಂಬ ಪಾದ್ರಿ ತನ್ನ ಮನೆಯ ಪುಸ್ತಕಗಳನ್ನು ಕೊಟ್ಟ. ವರ್ಜಿಲ್, ಶಿಲುಬೆಯ ಸಂತ ಯೋಹಾನ ಎಲ್ಲ ಸಿಕ್ಕಿದ್ದು ಹಾಗೆ. ಅದೇ ಬೀದಿಯಲ್ಲಿ ಫೆನೋಲ್ ಮನೆತನದ ಬೇಕರಿ. ಅಲ್ಲಿ ಬ್ರೆಡ್ಡು ಬೇಯಿಸುತ್ತಿದ್ದ ಕಾರ್ಲೋಸ್ ಫೆನೋಲ್ ಸ್ವತಃ ಕವಿ. ಸಂಜೆಯ ಹೊತ್ತು ಒಲೆಯ ಕಾವಿನ ಮಗ್ಗುಲಲ್ಲಿ ಊರಿನ ಹುಡುಗರು ಸೇರಿ ಪದ್ಯ ಓದುತ್ತಿದ್ದರು. ಆ ಗುಂಪಿನ ಮಿದುಳು ರಮೋನ್ ಸಿಹೆ. ಮಿಗೆಲ್‌ಗಿಂತ ಮೂರು ವರ್ಷ ಚಿಕ್ಕವನು. ಓದಿನಲ್ಲಿ, ಕ್ಯಾಥೊಲಿಕ್ ನಂಬಿಕೆಯಲ್ಲಿ, ಮಾತಿನ ಬಿಗಿಯಲ್ಲಿ ಅವನೇ ಗುರು. ಆಡು ಕಾಯುವ ಗೆಳೆಯನ ಕೈಗೆ ಹದಿನೇಳನೆಯ ಶತಮಾನದ ಕವಿ ಗೊಂಗೊರಾನನ್ನು ಇಟ್ಟದ್ದು ಈ ವಾತಾವರಣ.

1931ರ ಕೊನೆಗೆ ಮಿಗೆಲ್ ಮ್ಯಾಡ್ರಿಡ್‌ಗೆ ಹೋದ. ಪತ್ರಿಕೆಯವರು ‘ಕುರುಬ ಕವಿ’ ಎಂದು ಬರೆದರೇ ಹೊರತು ಕೆಲಸ ಯಾರೂ ಕೊಡಲಿಲ್ಲ. ಕೆಲವು ತಿಂಗಳಲ್ಲಿ ಬರಿಗೈಲಿ ಊರಿಗೆ ಮರಳಿದ. 1933ರಲ್ಲಿ ಮೊದಲ ಸಂಕಲನ ‘ಚಂದ್ರಗಳ ಪರಿಣತ’ ಬಂತು. ಎಂಟೆಂಟು ಸಾಲಿನ 42 ಪದ್ಯಗಳು, ಸಾಲಿಗೆ ಹನ್ನೊಂದು ಅಕ್ಷರ, ಕಟ್ಟುನಿಟ್ಟಾದ ಪ್ರಾಸ. ಒಂದೊಂದೂ ಒಂದು ಒಗಟು. ಗೂಳಿ, ಖರ್ಜೂರದ ಮರ, ಕಲ್ಲಂಗಡಿ: ದಿನ ಬೆಳಗಾದರೆ ಕಾಣುವ ವಸ್ತುಗಳನ್ನೇ ಅವನು ಗೊಂಗೊರಾನ ಭಾಷೆಯಲ್ಲಿ ಮುಚ್ಚಿಟ್ಟ. ಜಾಣ್ಮೆ ಬೆರಗು ಹುಟ್ಟಿಸುತ್ತದೆ, ಮನಸ್ಸು ಮಾತ್ರ ತಣ್ಣಗೇ ಇರುತ್ತದೆ. ಶಾಲೆ ಬಿಡಿಸಿಕೊಂಡ ಹುಡುಗ ಶಾಲೆಗೆ ಹೋದವರೆಲ್ಲರ ಮುಂದೆ ಕೊಟ್ಟ ಪರೀಕ್ಷೆ ಅದು. ಪರೀಕ್ಷೆಯಲ್ಲಿ ಪಾಸಾದ. ಪುಸ್ತಕಕ್ಕೆ ಮಾತ್ರ ಹೆಚ್ಚಿನ ಗಮನ ಸಿಗಲಿಲ್ಲ, ಅದರ ಅಳಲನ್ನು ಲೋರ್ಕಾನಿಗೆ ಕಾಗದ ಬರೆದು ತೋಡಿಕೊಂಡ. ಈ ಸಂಕಲನವನ್ನು ಹುಡುಗಾಟವೆಂದು ಬದಿಗೆ ಸರಿಸುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಮುಂದೆ ಐದಾರು ಅಕ್ಷರದ ಸಾಲಿನಲ್ಲಿ ಒಂದು ಮಾತೂ ಹೆಚ್ಚಾಗದಂತೆ ಬರೆಯುವ ಶಕ್ತಿ ಇಲ್ಲೇ ಮೈಗೂಡಿತು.

ಮ್ಯಾಡ್ರಿಡ್ ಎರಡನೆಯ ಬಾರಿಗೆ ಒಲಿಯಿತು. ಹೊಸೆ ಮರಿಯಾ ದೆ ಕೊಸ್ಸಿಯೊ ಗೂಳಿಕಾಳಗದ ಬಗ್ಗೆ ಸಿದ್ಧಪಡಿಸುತ್ತಿದ್ದ ಬೃಹತ್ ವಿಶ್ವಕೋಶದಲ್ಲಿ ಕೆಲಸ ಸಿಕ್ಕಿತು. ಚಿಲಿಯ ಕಾನ್ಸುಲ್ ಆಗಿ ಅಲ್ಲಿದ್ದ ನೆರೂಡಾ ಅವನನ್ನು ತಮ್ಮನಂತೆ ಕಂಡ. ಸರ್ಕಾರದ ದೊಡ್ಡ ಅಧಿಕಾರಿಯೊಬ್ಬರ ಬಳಿ ಮಿಗೆಲ್‌ಗೆ ಕೆಲಸ ಕೇಳಿದಾಗ, ಯಾವ ಹುದ್ದೆ ಬೇಕೋ ಅವನೇ ಹೇಳಲಿ ಎಂದರಂತೆ. ಮಿಗೆಲ್ ಬಹಳ ಹೊತ್ತು ಯೋಚಿಸಿ, ಮ್ಯಾಡ್ರಿಡ್ ಹತ್ತಿರ ಎಲ್ಲಾದರೂ ಒಂದು ಆಡಿನ ಮಂದೆ ಕೊಡಿಸಬಹುದೇ ಎಂದು ಕೇಳಿದನೆಂದು ನೆರೂಡಾ ತನ್ನ ಆತ್ಮಕಥೆಯಲ್ಲಿ ಹೇಳುತ್ತಾನೆ.

ವಿಸೆಂತೆ ಅಲೈಕ್ಸಾಂದ್ರೆಯ ಗೆಳೆತನ ಶುರುವಾದದ್ದು ಒಂದು ಚೀಟಿಯಿಂದ. ನಿಮ್ಮ ಹೊಸ ಸಂಕಲನ ಕೊಳ್ಳಲು ನನ್ನಲ್ಲಿ ದುಡ್ಡಿಲ್ಲ, ಒಂದು ಪ್ರತಿ ಕೊಡಬಹುದೇ ಎಂದು ಕೇಳಿ, ‘ಒರಿವೇಲದ ಕುರುಬ’ ಎಂದು ಸಹಿ ಹಾಕಿದ್ದ. ಮುಂದೆ 1977ರಲ್ಲಿ ನೊಬೆಲ್ ಪಡೆದ ಅಲೈಕ್ಸಾಂದ್ರೆ ಕೊನೆಯವರೆಗೂ ಈ ಗೆಳೆಯನ ಕುಟುಂಬದ ಜೊತೆ ನಿಂತವನು.

ಹೊಸ ಗೆಳೆಯರು ಬಂದಂತೆ ಹಳೆಯ ಗೆಳೆಯ ದೂರವಾದ. ನೆರೂಡಾನ ಬಳಗ ಸಿಹೆಗೆ ಹಿಡಿಸಲಿಲ್ಲ. ಮಿಗೆಲ್‌ನ ನಂಬಿಕೆಗಳು ಬದಲಾಗುತ್ತಿದ್ದವು. ಈ ಬಿರುಕು ಮುಚ್ಚುವ ಮೊದಲೇ, 1935ರ ಡಿಸೆಂಬರ್ 24ರಂದು, ಸಿಹೆ ತೀರಿಕೊಂಡ. ಇಪ್ಪತ್ತೆರಡು ವರ್ಷ. ಮಿಗೆಲ್ ಬರೆದ ಶೋಕಗೀತೆ ಸ್ಪ್ಯಾನಿಷ್ ಭಾಷೆಯ ಶ್ರೇಷ್ಠ ಶೋಕಗೀತೆಗಳ ಸಾಲಿಗೆ ಸೇರಿತು. ದಾಂತೆ ಬಳಸಿದ ಮೂರು ಸಾಲಿನ ಕೊಂಡಿ ಛಂದಸ್ಸು ಅದರದ್ದು. ಛಂದಸ್ಸು ಎಷ್ಟು ಕಟ್ಟುನಿಟ್ಟೋ ಒಳಗಿನ ದುಃಖ ಅಷ್ಟೇ ಕಾಡುಕಾಡು. ಸತ್ತ ಗೆಳೆಯನನ್ನು ಮಣ್ಣಿನಿಂದ ಕೈಯಾರೆ ತೋಡಿ ತೆಗೆದೇನು ಎನ್ನುವಷ್ಟು ಹಟ. ಕೂಡಿ ಆಡಬೇಕಾದ ಮಾತುಗಳು ಬಾಕಿ ಉಳಿದವರಿಗೆ ಮಾತ್ರ ಹಾಗೆ ಬರೆಯಲು ಸಾಧ್ಯ.

ಆ ಶೋಕಗೀತೆ 1936ರ ಜನವರಿಯಲ್ಲಿ ಬಂದ ‘ನಿಲ್ಲದ ಮಿಂಚು’ ಸಂಕಲನದಲ್ಲಿದೆ. ಉಳಿದದ್ದು ಹೆಚ್ಚಾಗಿ ಪ್ರೇಮದ ಸಾನೆಟ್‌ಗಳು. ಅವುಗಳ ಹಿಂದೆ ಚಿತ್ರಕಲಾವಿದೆ ಮರೂಹಾ ಮಾಯೊ ಇದ್ದಾಳೆ. ಎಲ್ಲಕ್ಕಿಂತ ಮಿಗಿಲಾಗಿ ಒರಿವೇಲದಲ್ಲಿ ಬಟ್ಟೆ ಹೊಲಿಯುತ್ತಿದ್ದ ಹೊಸೆಫೀನಾ ಮಾನ್ರೆಸಾ ಇದ್ದಾಳೆ. ಗೂಳಿ ಇಲ್ಲಿ ಒಗಟಿನಿಂದ ಹೊರಬಂದು ಕವಿಯೇ ಆಗಿಬಿಟ್ಟಿದೆ: ಬಯಕೆಯಿಂದ ನುಗ್ಗುವ, ಕತ್ತಿಗೆ ಗುರಿಯಾದ ಪ್ರಾಣಿ.

ಆರು ತಿಂಗಳಲ್ಲಿ ಯುದ್ಧ. 1936ರ ಜುಲೈನಲ್ಲಿ ಫ್ರಾಂಕೊ ಮತ್ತಿತರ ಸೇನಾಧಿಕಾರಿಗಳು ಚುನಾಯಿತ ಗಣರಾಜ್ಯದ ವಿರುದ್ಧ ದಂಗೆಯೆದ್ದರು. ಆಗಸ್ಟ್‌ನಲ್ಲಿ ಲೋರ್ಕಾನನ್ನು ದಂಗೆಕೋರರು ಕೊಂದರು. ಅದೇ ಆಗಸ್ಟ್‌ನಲ್ಲಿ ಹೊಸೆಫೀನಾಳ ತಂದೆಯ ಕೊಲೆಯಾಯಿತು. ಅವನು ಸಿವಿಲ್ ಗಾರ್ಡ್ ಪೇದೆ; ಕೊಂದವರು ಗಣರಾಜ್ಯದ ಪರವಾಗಿದ್ದ ಮಿಲಿಶಿಯಾದವರು. ಮುಂದಿನ ತಿಂಗಳು ಮಿಗೆಲ್ ಗಣರಾಜ್ಯದ ಐದನೆಯ ರೆಜಿಮೆಂಟಿಗೆ ಸ್ವಯಂಸೇವಕನಾಗಿ ಸೇರಿ ಕಂದಕ ತೋಡುವ ಕೆಲಸಕ್ಕೆ ನಿಂತ. ತನ್ನ ಅಪ್ಪನನ್ನು ಕೊಂದ ಪಾಳಯದ ಸೈನಿಕನನ್ನು ಹೊಸೆಫೀನಾ 1937ರ ಮಾರ್ಚ್ 9ರಂದು ನೋಂದಣಿ ವಿವಾಹವಾದಳು. ಅವನ ಬದುಕನ್ನು ಸುಲಭದ ವೀರಗಾಥೆ ಮಾಡಿ ಹೇಳುವವರು ಈ ಸಂಗತಿಯನ್ನು ದಾಟಿ ಹೋಗಬಾರದು.

ಯುದ್ಧದ ಕವಿತೆಗಳು ಕಂದಕಗಳಲ್ಲಿ, ಧ್ವನಿವರ್ಧಕಗಳಲ್ಲಿ ಗಟ್ಟಿಯಾಗಿ ಓದಲೆಂದೇ ಬರೆದವು. ‘ಜನರ ಗಾಳಿ’ ಸಂಕಲನದ ಕೆಲವು ಪದ್ಯಗಳು ಆ ಕ್ಷಣದ ಕೂಗಿನ ಜೊತೆಗೇ ಮುಗಿದವು. ಆದರೆ ನೊಗಕ್ಕೆ ಹೆಗಲು ಕೊಟ್ಟ ಹೊಲದ ಹುಡುಗನ ಬಗ್ಗೆ ಬರೆದದ್ದು, ಹಾಯೆನ್ ಸೀಮೆಯ ಆಲಿವ್ ಕೂಲಿಗಳನ್ನು ಉದ್ದೇಶಿಸಿ ಬರೆದದ್ದು ಉಳಿದಿವೆ. ಎರಡನೆಯದು ಈಗ ಹಾಯೆನ್ ಪ್ರಾಂತದ ಅಧಿಕೃತ ಗೀತೆ. ತಾನು ಕಂಡು ದುಡಿದ ಬದುಕು ಮುಟ್ಟಿದಲ್ಲೆಲ್ಲ ಅವನ ದನಿ ಗಟ್ಟಿ. ಘೋಷಣೆಗೆ ನಿಂತಲ್ಲಿ ಸಪ್ಪೆ.

1937ರ ಡಿಸೆಂಬರ್ 19ರಂದು ಮೊದಲ ಮಗ ಹುಟ್ಟಿದ. ಹತ್ತು ತಿಂಗಳು ಬದುಕಿ, 1938ರ ಅಕ್ಟೋಬರ್ 19ರಂದು ತೀರಿಕೊಂಡ. ಆಗ ಮಿಗೆಲ್ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಶುರುಮಾಡಿದ ಪದ್ಯಗಳೇ ಮುಂದೆ ‘ಅಗಲಿಕೆಯ ಹಾಡುಗಳು ಮತ್ತು ಲಾವಣಿಗಳು’ ಎಂಬ ಸಂಗ್ರಹವಾದವು. ಗೊಂಗೊರಾ ಹೋದ, ಸಾನೆಟ್ ಹೋಯಿತು, ಧ್ವನಿವರ್ಧಕವೂ ಹೋಯಿತು. ಐದು, ಏಳು, ಎಂಟು ಅಕ್ಷರದ ಸಾಲುಗಳು, ಮತ್ತೆ ಮತ್ತೆ ಮರಳುವ ಪಲ್ಲವಿ. ಖಾಲಿ ಮಂಚ, ಬಟ್ಟೆಯಲ್ಲಿ ಉಳಿದ ಮೈವಾಸನೆ, ಸ್ಮಶಾನ, ಬಾಗಿಲು. ಒಂದು ಪುಟ್ಟ ಪದ್ಯದಲ್ಲಂತೂ ಬದುಕು, ಸಾವು, ಪ್ರೀತಿ ಎಂಬ ಮೂರೇ ಮಾತುಗಳು ಜಾಗ ಬದಲಾಯಿಸುತ್ತಾ ಹೋಗುತ್ತವೆ. ಅಷ್ಟರಲ್ಲೇ ಎಲ್ಲವನ್ನೂ ಹೇಳಿಬಿಡುತ್ತದೆ. ಎರ್ನಾಂದೆಸ್‌ನನ್ನು ಓದಬೇಕೆಂದಿರುವವರು ಈ ನೋಟ್‌ಬುಕ್ಕಿನಿಂದಲೇ ಹಿಂದಕ್ಕೆ ಹೋಗಲಿ. ಕೊನೆಯಿಂದ ನೋಡಿದಾಗ ಮೊದಲಿನ ಒಗಟುಗಳೂ ಬೇರೆ ಬೆಳಕಿನಲ್ಲಿ ಕಾಣುತ್ತವೆ.

ಎರಡನೆಯ ಮಗ ಮನುವೆಲ್ ಮಿಗೆಲ್ ಹುಟ್ಟಿದ್ದು 1939ರ ಜನವರಿ 4ರಂದು. ಏಪ್ರಿಲ್ 1ಕ್ಕೆ ಯುದ್ಧ ಮುಗಿಯಿತು. ಮಿಗೆಲ್ ಗಡಿ ದಾಟಿ ಪೋರ್ಚುಗಲ್‌ಗೆ ಹೋದ. ಮದುವೆಗೆ ಅಲೈಕ್ಸಾಂದ್ರೆ ಕೊಟ್ಟಿದ್ದ ಕೈಗಡಿಯಾರವನ್ನು ಅಲ್ಲಿ ಮಾರಲು ಹೋದಾಗ ಸಿಕ್ಕಿಬಿದ್ದನೆಂದು ಹೇಳುತ್ತಾರೆ. ಅಲ್ಲಿನ ಸರ್ವಾಧಿಕಾರಿ ಸಾಲಜಾರ್‌ನ ಪೊಲೀಸರು ಅವನನ್ನು ಸ್ಪೇನಿಗೇ ಒಪ್ಪಿಸಿದರು. ಗಡಿಯ ಠಾಣೆಯಲ್ಲಿ ಹೊಡೆತ, ಆಮೇಲೆ ವೆಲ್ವಾ, ಸೆವಿಯಾ, ಮ್ಯಾಡ್ರಿಡ್. ಜೋಗುಳದ ಕಾಗದ ಹೋದದ್ದು ಇಲ್ಲಿಂದ.

ಜೋಗುಳದ ಮಟ್ಟು ‘ಸೆಗಿದಿಯಾ’. ಸ್ಪೇನಿನ ಹಳ್ಳಿಗಳಲ್ಲಿ ಹಾಡಿಗೂ ಕುಣಿತಕ್ಕೂ ಬಳಕೆಯಲ್ಲಿದ್ದದ್ದು. ಏಳು, ಐದು ಅಕ್ಷರದ ಸಾಲುಗಳು ಒಂದರ ಬೆನ್ನಿಗೊಂದು ಬರುತ್ತವೆ. ಅಷ್ಟು ಹಗುರ ಮಟ್ಟಿಗೆ ಅಷ್ಟು ಭಾರದ ವಿಷಯ. ಹಸಿವಿನ ಮಾತಿನಿಂದ ಶುರುವಾದರೂ ಪದ್ಯ ಅಲ್ಲಿ ನಿಲ್ಲುವುದಿಲ್ಲ. ತಂದೆ ಮಗುವಿನಿಂದ ಬೇಡುವುದು ನಗುವನ್ನು. ನೀನು ನಕ್ಕರೆ ನನ್ನ ಗೋಡೆಗಳು ಇರುವುದಿಲ್ಲ ಎಂಬಷ್ಟು ಆ ನಗುವನ್ನು ನೆಚ್ಚುತ್ತಾನೆ. ತಾನು ನೋಡದ ಹಾಲುಹಲ್ಲುಗಳನ್ನು ಎಣಿಸುತ್ತಾನೆ. ಹೊರಗೆ ಏನು ನಡೆದಿದೆಯೆಂಬುದು ಮಗುವಿಗೆ ತಿಳಿಯದೇ ಇರಲಿ ಎಂದು ಹಾರೈಸುತ್ತಾನೆ. ದೂರು ಇಲ್ಲ, ಶಾಪ ಇಲ್ಲ. ಒಂದು ಕಾಲಕ್ಕೆ ಊರಿನ ಮಕ್ಕಳಿಗೆಲ್ಲ ಹಾಲು ಹಾಕಿದವನು ತನ್ನ ಮಗುವಿಗೆ ಒಂದು ಲೋಟ ಹಾಲು ಒದಗಿಸಲಾರದೆ, ಕೈಯಲ್ಲಿದ್ದ ಒಂದೇ ಕಸುಬಿನಿಂದ ಮಾಡಬಹುದಾದದ್ದನ್ನು ಮಾಡಿದ್ದಾನೆ. ಈ ಪದ್ಯದಲ್ಲಿ ಕೌಶಲ ಕಣ್ಣಿಗೆ ಬೀಳುವುದಿಲ್ಲ. 42 ಒಗಟುಗಳನ್ನು ಕಟ್ಟಿದವನಲ್ಲದೆ ಬೇರೆ ಯಾರಿಗೂ ಅದನ್ನು ಇಷ್ಟು ಚೆನ್ನಾಗಿ ಮರೆಮಾಡಲು ಬರುತ್ತಿರಲಿಲ್ಲ.

ಅದೇ ತಿಂಗಳ ನಡುವೆ ಅನಿರೀಕ್ಷಿತವಾಗಿ ಬಿಡುಗಡೆ ಸಿಕ್ಕಿತು. ದೇಶ ಬಿಟ್ಟು ಹೋಗೆಂದು ಗೆಳೆಯರು ಹೇಳಿದರೂ ಕೇಳದೆ ಹೆಂಡತಿ ಮಗುವನ್ನು ನೋಡಲು ಊರ ಕಡೆ ಬಂದ. ನೋಟ್‌ಬುಕ್ಕನ್ನು ಹೊಸೆಫೀನಾಳ ಕೈಗೆ ಕೊಟ್ಟ. ಸೆಪ್ಟೆಂಬರ್ 29, ಸಂತ ಮಿಗೆಲ್‌ನ ಹಬ್ಬದ ದಿನ, ಒರಿವೇಲದಲ್ಲೇ ಮತ್ತೆ ಬಂಧನವಾಯಿತು. ಊರಿನ ಸೆಮಿನರಿಯನ್ನೇ ಸೆರೆಮನೆ ಮಾಡಿದ್ದರು.

1940ರ ಜನವರಿಯಲ್ಲಿ ಸೇನಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಆರೋಪ: ದಂಗೆಗೆ ಬೆಂಬಲ. ದಂಗೆಯೆದ್ದವರೇ ನ್ಯಾಯಪೀಠದಲ್ಲಿ ಕೂತು, ದಂಗೆಯನ್ನು ಎದುರಿಸಿದವನಿಗೆ ಹಾಕಿದ ಆರೋಪ ಅದು. ಮ್ಯಾಡ್ರಿಡ್‌ನ ಸೆರೆಮನೆಯಲ್ಲಿ ಅವನ ಜೊತೆಗೆ ಮರಣದಂಡನೆಯ ನೆರಳಿನಲ್ಲಿದ್ದ ಇನ್ನೊಬ್ಬ ಯುವಕ ಅಂತೋನಿಯೊ ಬುವೇರೊ ವಯೇಹೊ. ಮುಂದೆ ಸ್ಪೇನಿನ ಪ್ರಮುಖ ನಾಟಕಕಾರನಾದವನು. ಅವನು ಪೆನ್ಸಿಲ್‌ನಲ್ಲಿ ಬರೆದ ಮಿಗೆಲ್‌ನ ಮುಖಚಿತ್ರವನ್ನೇ ಇವತ್ತು ಪುಸ್ತಕದ ರಕ್ಷಾಪುಟಗಳಲ್ಲಿ, ಗೋಡೆಗಳ ಮೇಲೆ ಕಾಣುತ್ತೇವೆ. ಕೊಸ್ಸಿಯೊ ಮತ್ತಿತರರು ಓಡಾಡಿ ಶಿಕ್ಷೆಯನ್ನು ಮೂವತ್ತು ವರ್ಷದ ಸೆರೆಗೆ ಇಳಿಸಿದರು. ಪಾಲೆನ್ಸಿಯಾದ ಚಳಿ, ಒಕಾನ್ಯಾ, ಕೊನೆಗೆ 1941ರಲ್ಲಿ ಮನೆಗೆ ಹತ್ತಿರದ ಅಲಿಕಾಂತೆ. ಅಲ್ಲಿ ಶೌಚದ ಕಾಗದದ ಮೇಲೆ ಮಗನಿಗಾಗಿ ಪುಟ್ಟ ಕಥೆಗಳನ್ನು ಬರೆದ, ಓದಲು ಕಲಿತಾಗ ಓದಿಕೊಳ್ಳಲಿ ಎಂದು. ಜೊತೆಯ ಕೈದಿಯೊಬ್ಬ ಅದಕ್ಕೆ ಚಿತ್ರ ಬರೆದ.

ಟೈಫಸ್ ಬಂತು, ಅದರ ಬೆನ್ನಿಗೆ ಕ್ಷಯ. ಗಣರಾಜ್ಯದ ಕಾಲದ ನೋಂದಣಿ ವಿವಾಹಗಳನ್ನು ಹೊಸ ಆಡಳಿತ ಒಪ್ಪುತ್ತಿರಲಿಲ್ಲ. ಹೊಸೆಫೀನಾ ಕಾನೂನಿನ ಕಣ್ಣಿಗೆ ಹೆಂಡತಿಯಾಗಿ ಉಳಿಯಲೆಂದು, 1942ರ ಮಾರ್ಚ್ 4ರಂದು, ಎದ್ದು ಕೂರಲಾರದ ಸ್ಥಿತಿಯಲ್ಲಿ, ಸೆರೆಮನೆಯ ಆಸ್ಪತ್ರೆಯಲ್ಲೇ ಪಾದ್ರಿಯ ಮುಂದೆ ಮತ್ತೆ ಮದುವೆಯಾದ. ಅವಳು ಕೊನೆಯ ಸಲ ನೋಡಲು ಹೋದಾಗ ಮಗುವನ್ನು ಕರೆದೊಯ್ದಿರಲಿಲ್ಲ. ಕರೆತರಬೇಕಿತ್ತು ಎಂದು ಅವನು ನೊಂದುಕೊಂಡದ್ದನ್ನು ಆಕೆ ಮರೆಯಲಿಲ್ಲ. ಮಾರ್ಚ್ 28ರ ಬೆಳಗಿನ ಜಾವ ಮಿಗೆಲ್ ತೀರಿಕೊಂಡ. ಮೂವತ್ತೊಂದು ವರ್ಷ. ಕಣ್ಣು ಮುಚ್ಚಿಸಲು ಆಗಲಿಲ್ಲವೆಂದು ಜೊತೆಯ ಕೈದಿಗಳು ಹೇಳಿದರು.

ಅಲ್ಲಿಂದಾಚೆಗೆ ಅವನ ಕಾವ್ಯ ಉಳಿದದ್ದು ಒಬ್ಬ ಹೊಲಿಗೆ ಹೆಂಗಸಿನಿಂದ. 1939ರಲ್ಲಿ ವಲೆನ್ಸಿಯಾದಲ್ಲಿ ಅಚ್ಚಾಗಿ ಹೊಲಿಗೆಗೆ ಕಾದಿದ್ದ ‘ಮನುಷ್ಯ ಹೊಂಚುತ್ತಾನೆ’ ಸಂಕಲನವನ್ನು ಗೆದ್ದವರು ನಾಶಮಾಡಿದ್ದರು. ಉಳಿದ ಒಂದೆರಡು ಪ್ರತಿಗಳಿಂದ ಅದು ಬೆಳಕು ಕಂಡದ್ದು 1981ರಲ್ಲಿ. ಹೊಸೆಫೀನಾ ಕೈಬರಹಗಳನ್ನು, ಕಾಗದಗಳನ್ನು, ಆ ನೋಟ್‌ಬುಕ್ಕನ್ನು ಸರ್ವಾಧಿಕಾರದ ವರ್ಷಗಳುದ್ದಕ್ಕೂ ಕಾಪಾಡಿಕೊಂಡಳು. ಎಲ್ಚೆ ಪಟ್ಟಣದಲ್ಲಿ ಹೊಲಿಗೆ ಮಾಡಿ ಮಗನನ್ನು ಸಾಕಿದಳು. ಅಗಲಿಕೆಯ ಹಾಡುಗಳು ಪುಸ್ತಕವಾದದ್ದು 1958ರಲ್ಲಿ, ಅದೂ ಬ್ಯೂನಸ್ ಐರಿಸ್‌ನಲ್ಲಿ. 1972ರಲ್ಲಿ, ಫ್ರಾಂಕೊ ಇನ್ನೂ ಅಧಿಕಾರದಲ್ಲಿದ್ದಾಗಲೇ, ಗಾಯಕ ಜೊವಾನ್ ಮನುವೆಲ್ ಸೆರಾತ್ ಈ ಪದ್ಯಗಳನ್ನು ಹಾಡಿ ಒಂದು ಧ್ವನಿಮುದ್ರಿಕೆ ತಂದ. ಜೋಗುಳ ಅಲ್ಲಿಂದ ಮನೆಮನೆ ಸೇರಿತು.

ಈಗ ಎಲ್ಚೆಯ ವಿಶ್ವವಿದ್ಯಾಲಯಕ್ಕೆ, ಅಲಿಕಾಂತೆಯ ವಿಮಾನ ನಿಲ್ದಾಣಕ್ಕೆ ಅವನ ಹೆಸರಿದೆ. ಮರಣದಂಡನೆಯ ತೀರ್ಪು ರದ್ದಾಗಬೇಕೆಂದು ಕುಟುಂಬ ಕೋರಿದಾಗ 2011ರಲ್ಲಿ ಸ್ಪೇನಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಫ್ರಾಂಕೊ ಕಾಲದ ಅಂಥ ತೀರ್ಪುಗಳೆಲ್ಲ ಅಸಿಂಧು ಎಂದು ಕಾನೂನು ಬಂದದ್ದು 2022ರಲ್ಲಿ. ಹೊಸೆಫೀನಾ ತನ್ನ ನೆನಪುಗಳನ್ನು 1980ರಲ್ಲಿ ಪ್ರಕಟಿಸಿದಳು. ಈರುಳ್ಳಿಯ ಜೋಗುಳದ ಮಗು 1984ರಲ್ಲಿ, ಅವಳ ಕಣ್ಣೆದುರೇ, ತೀರಿಕೊಂಡ. ಮೂರು ವರ್ಷದ ಮೇಲೆ ಆಕೆಯೂ ಹೋದಳು. ಆಕೆ ಕಾಪಾಡಿದ ಕಾಗದಗಳನ್ನು ಹಾಯೆನ್ ಪ್ರಾಂತದ ಆಡಳಿತ ಕೊಂಡುಕೊಂಡಿದೆ. ಆ ಪ್ರಾಂತದಲ್ಲೇ ಅವಳು ಹುಟ್ಟಿದ ಕೆಸಾದಾ ಎಂಬ ಪುಟ್ಟ ಊರಿನಲ್ಲಿ 2015ರಲ್ಲಿ ವಸ್ತುಸಂಗ್ರಹಾಲಯವೊಂದು ತೆರೆಯಿತು. ಅದಕ್ಕೆ ಕವಿಯ ಹೆಸರೊಂದನ್ನೇ ಇಡಲಿಲ್ಲ, ಹೊಸೆಫೀನಾ ಮಾನ್ರೆಸಾ ಎಂಬುದನ್ನೂ ಸೇರಿಸಿದರು. ಸರಿಯಾದ ಕೆಲಸ.